ದೂರದ ಸೇವೆಗೆ ಹೊರಡುವ ಮುನ್ನ: ಆಫ್ರಿಕಾದ ಹಾದಿಗೆ ಗುಬ್ಬಿಯ ಪಾಠ

ಹೊನ್ನವಳ್ಳಿ (ತಿಪಟೂರು ತಾಲ್ಲೂಕು): ಕರ್ನಾಟಕದ ಚರ್ಚುಗಳಿಂದ, ಸನ್ಯಾಸಿನಿಯರ ಮಠಗಳಿಂದ, ಕ್ರೈಸ್ತ ಆಸ್ಪತ್ರೆಗಳಿಂದ ಆಫ್ರಿಕಾ ಖಂಡದ ಹಳ್ಳಿಗಳಿಗೆ ಸೇವೆಗೆಂದು ತೆರಳುವುದು ಹೊಸ ಸಂಗತಿಯಲ್ಲ. ಕೀನ್ಯಾ ಮತ್ತು ಟಾಂಜಾನಿಯಾಗಳಲ್ಲಿ ಭಾರತದ ಸಲೇಶಿಯನ್ ಗುರುಗಳು 1980ರಲ್ಲಿಯೇ ನೆಲೆಯೂರಿದರು. ಅವರ ನಂತರ ಶಿಕ್ಷಕರು, ದಾದಿಯರು, ವೈದ್ಯರು, ಕೆಲವು ತಿಂಗಳ ಮಟ್ಟಿಗೆ ಹೋಗಿಬರುವ ಯುವ ಸ್ವಯಂಸೇವಕರು ಇದೇ ಹಾದಿ ಹಿಡಿದಿದ್ದಾರೆ. ಹೋಗುವವರ ಮನೆಯಲ್ಲಿ ಹೆಮ್ಮೆಯೂ ಇರುತ್ತದೆ, ಆತಂಕವೂ ಇರುತ್ತದೆ. ಆತಂಕ ಸಾಮಾನ್ಯವಾಗಿ ವಿಮಾನ, ವೀಸಾ, ಕಾಡುಪ್ರಾಣಿ, ಊಟಗಳ ಸುತ್ತ ಸುತ್ತುತ್ತದೆ. ನಿಜವಾದ ತೊಡಕುಗಳು ಬೇರೆಯೇ ಇವೆ.

ಈ ತೊಡಕುಗಳನ್ನು ತಿಳಿಯಲು ನಮ್ಮ ಓದುಗರು ಬಹುದೂರ ಹೋಗಬೇಕಿಲ್ಲ. ಇಂದು ನಾವು ಆಫ್ರಿಕಾದ ಒಳನಾಡನ್ನು ಹೇಗೆ ದೂರದ, ಅಪಾಯದ ಪ್ರದೇಶವೆಂದು ಭಾವಿಸುತ್ತೇವೆಯೋ, ಸುಮಾರು 190 ವರ್ಷಗಳ ಹಿಂದೆ ಯೂರೋಪಿನ ಕ್ರೈಸ್ತ ಸಂಸ್ಥೆಗಳು ತುಮಕೂರು ಸೀಮೆಯನ್ನು ಹಾಗೆಯೇ ಭಾವಿಸಿದ್ದವು. ಎಳನೀರಿನ ರುಚಿಗಾಗಿ ‘ಗಂಗಾಪಾನಿ’ ಎಂದು ಹೆಸರಾದ ತೆಂಗಿನ ಊರು ಹೊನ್ನವಳ್ಳಿ. ಇಲ್ಲಿಂದ ಪೂರ್ವಕ್ಕೆ ಅದೇ ಜಿಲ್ಲೆಯಲ್ಲಿರುವ ಗುಬ್ಬಿ ಅಂಥದೊಂದು ‘ದೂರದ ಮಿಷನ್’ ಆಗಿತ್ತು. ಅಲ್ಲಿಗೆ ಬಂದವರ ಅನುಭವವನ್ನು ಇಂದು ಆಫ್ರಿಕಾಕ್ಕೆ ಹೊರಡುವವರ ಮುಂದಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ತಲುಪುವುದು ಸವಾಲಿನ ಚಿಕ್ಕ ಭಾಗ. ಅಲ್ಲಿ ಬದುಕಿ ಉಳಿಯುವುದು, ಅಲ್ಲಿಯ ಜನರಿಗೆ ಹೊರೆಯಾಗದೆ ಉಪಯೋಗಕ್ಕೆ ಬರುವುದು ದೊಡ್ಡ ಭಾಗ.

ಗುಬ್ಬಿಗೆ ಬಂದ ಇಪ್ಪತ್ತರ ತರುಣ

ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ ಬೆಂಗಳೂರಿನಲ್ಲಿ ಕೆಲಸ ಆರಂಭಿಸಿದ್ದು 1821ರಲ್ಲಿ. ಆದರೆ ಬೆಂಗಳೂರಿನ ದಂಡು ಪ್ರದೇಶದಲ್ಲಿ ಇಂಗ್ಲಿಷ್ ಮತ್ತು ತಮಿಳು ಮಾತೇ ಹೆಚ್ಚು. ಕನ್ನಡ ಹಳ್ಳಿಗಳ ನಡುವೆಯೇ ನೆಲೆಸಬೇಕೆಂಬ ಉದ್ದೇಶದಿಂದ ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ಕೇಂದ್ರ ತೆರೆದರು. ಅಡಿಕೆ, ಕೊಬ್ಬರಿ, ಬಟ್ಟೆಗಳ ವ್ಯಾಪಾರದಿಂದ ಗುಬ್ಬಿ ಆಗಲೇ ಹೆಸರಾಗಿತ್ತು. ಸುತ್ತಲ ಹಳ್ಳಿಗಳ ಜನ ಸಂತೆಗೆ ಬಂದು ಹೋಗುತ್ತಿದ್ದ ಊರು ಅದು.

ಅಲ್ಲಿಗೆ 1839ರಲ್ಲಿ ಐರ್ಲೆಂಡ್ ಮೂಲದ ವಿಲಿಯಂ ಆರ್ಥರ್ ಎಂಬ ತರುಣ ಬಂದರು. ಆಗ ಅವರ ವಯಸ್ಸು 20. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಆದ್ದರಿಂದ ಅವರ ಕಾಲದ ಹಡಗುಗಳು ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿ, ತಿಂಗಳುಗಟ್ಟಲೆ ಸಾಗಿ ಮದರಾಸಿಗೆ ಬರಬೇಕಿತ್ತು. ಮದರಾಸಿನಿಂದ ಮುಂದೆ ಪಲ್ಲಕ್ಕಿ, ಕುದುರೆ, ಎತ್ತಿನ ಗಾಡಿಗಳೇ ಗತಿ. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ.

ಇಷ್ಟೆಲ್ಲ ದಾಟಿ ಬಂದ ಆರ್ಥರ್ ಎರಡು ವರ್ಷ ಮಾತ್ರ ಇಲ್ಲಿರಲು ಸಾಧ್ಯವಾಯಿತು. ಆರೋಗ್ಯ ಕೆಟ್ಟು, ಕಣ್ಣುಗಳು ತೀವ್ರವಾಗಿ ಬಾಧಿತವಾದ ಕಾರಣ 1841ರಲ್ಲಿ ಅವರು ಇಂಗ್ಲೆಂಡಿಗೆ ಮರಳಿದರು. ಮೈಸೂರು ಸೀಮೆಯ ಅನುಭವಗಳನ್ನು ಕುರಿತ ಅವರ ಪುಸ್ತಕ 1847ರಲ್ಲಿ ಪ್ರಕಟವಾಯಿತು. ಮುಂದೆ ಅವರು ಇಂಗ್ಲೆಂಡಿನಲ್ಲಿ ಅದೇ ಮಿಷನ್ನಿನ ಕಾರ್ಯದರ್ಶಿಯಾದರು, 1866ರಲ್ಲಿ ಮೆಥಡಿಸ್ಟ್ ಮಹಾಸಭೆಯ ಅಧ್ಯಕ್ಷರೂ ಆದರು. ಆದರೆ ಗುಬ್ಬಿಯ ಕೆಲಸಕ್ಕೆ ಅವರು ಮರಳಿ ಒದಗಲಿಲ್ಲ.

ಇದಕ್ಕೆ ಪ್ರತಿಯಾಗಿ ಹಾಡ್ಸನ್ ದೀರ್ಘಕಾಲ ಮೈಸೂರು ಸೀಮೆಯಲ್ಲಿ ದುಡಿದರು, ಕನ್ನಡ ಕಲಿತು ವ್ಯಾಕರಣವನ್ನೇ ಬರೆದರು. ಉತ್ಸಾಹದಲ್ಲಿ ಇಬ್ಬರೂ ಸಮಾನರು. ದೇಹ ತಾಳಿದ್ದು ಒಬ್ಬರಿಗೆ, ಇನ್ನೊಬ್ಬರಿಗೆ ತಾಳಲಿಲ್ಲ. ದೂರದ ಸೇವೆಯ ಮೊದಲ ಪಾಠವೇ ಇದು: ಮನಸ್ಸು ಒಪ್ಪಿದ ಮಾತ್ರಕ್ಕೆ ಶರೀರ ಒಪ್ಪುವುದಿಲ್ಲ.

ಒಂದೇ ಸಂಸ್ಥೆ, ಎರಡು ಖಂಡ

ಕನ್ನಡಿಗರಿಗೆ ಚಿರಪರಿಚಿತವಾದ ಬಾಸೆಲ್ ಮಿಷನ್ ಕಥೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಸ್ವಿಟ್ಜರ್ಲೆಂಡಿನ ಈ ಸಂಸ್ಥೆ ಮಂಗಳೂರಿಗೆ ಜನರನ್ನು ಕಳುಹಿಸುವ ಮೊದಲೇ ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟ್‌ಗೆ, ಅಂದರೆ ಇಂದಿನ ಘಾನಾಕ್ಕೆ, ಕಳುಹಿಸಿತ್ತು. 1828ರ ಡಿಸೆಂಬರಿನಲ್ಲಿ ನಾಲ್ವರು ತರುಣರು ಇಂದಿನ ಆಕ್ರಾ ನಗರದಲ್ಲಿರುವ ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಯ ಬಳಿ ಇಳಿದರು. ಮುಂದಿನ ವರ್ಷದ ಆಗಸ್ಟ್ ಮುಗಿಯುವುದರೊಳಗೆ ಅವರಲ್ಲಿ ಮೂವರು ತೀರಿಕೊಂಡಿದ್ದರು. ನಾಲ್ಕನೆಯವರು 1831ರಲ್ಲಿ ತೀರಿಕೊಂಡರು.

ಸಂಸ್ಥೆ 1832ರಲ್ಲಿ ಮತ್ತೆ ಮೂವರನ್ನು ಕಳುಹಿಸಿತು. ಈ ಬಾರಿ ಜೊತೆಯಲ್ಲಿ ಒಬ್ಬ ವೈದ್ಯರೂ ಇದ್ದರು. ಮೊದಲು ಸತ್ತವರಲ್ಲಿ ಆ ವೈದ್ಯರೇ ಒಬ್ಬರು. ಮೂವರಲ್ಲಿ ಬದುಕುಳಿದವರು ಆಂಡ್ರಿಯಾಸ್ ರೀಸ್ ಒಬ್ಬರೇ. ಜ್ವರದಲ್ಲಿ ಮಲಗಿದ್ದ ಅವರನ್ನು ಉಳಿಸಿದ್ದು ಸ್ಥಳೀಯ ನಾಟಿವೈದ್ಯರೊಬ್ಬರ ಚಿಕಿತ್ಸೆ. ಅವರು 1835ರಲ್ಲಿ ಕರಾವಳಿಯನ್ನು ಬಿಟ್ಟು ಗುಡ್ಡದ ಮೇಲಿನ ಅಕ್ರೊಪಾಂಗ್ ಊರಿಗೆ ಹೋಗಿ ನೆಲೆಸಿದರು. ಮುಂದೆ 1843ರಲ್ಲಿ ಜಮೈಕಾ ಮತ್ತು ಆಂಟಿಗುವಾ ದ್ವೀಪಗಳಿಂದ ಆಫ್ರಿಕನ್ ಮೂಲದ 24 ಕ್ರೈಸ್ತರನ್ನು ಕರೆತಂದ ಬಳಿಕವೇ ಆ ಕೇಂದ್ರ ಗಟ್ಟಿಯಾಗಿ ನಿಂತಿತು.

ಅದೇ ಸಂಸ್ಥೆಯ ಮೂವರು, ಅದೇ ಬಗೆಯ ತರಬೇತಿ ಪಡೆದು, 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಒಬ್ಬರಾದ ಸ್ಯಾಮ್ಯುಯೆಲ್ ಹೆಬಿಕ್ 25 ವರ್ಷ ಇಲ್ಲಿ ಕೆಲಸ ಮಾಡಿ 1859ರಲ್ಲಿ ಹಿಂದಿರುಗಿದರು. ಎರಡು ಗುಂಪುಗಳ ಭಕ್ತಿಯಲ್ಲಾಗಲಿ ಶಿಸ್ತಿನಲ್ಲಾಗಲಿ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ಸೊಳ್ಳೆಗಳಲ್ಲಿ. ಪಶ್ಚಿಮ ಆಫ್ರಿಕಾದಲ್ಲಿ ಅತ್ಯಂತ ಮಾರಕವಾದ ಫಾಲ್ಸಿಪಾರಂ ಮಲೇರಿಯಾ ವ್ಯಾಪಕವಾಗಿತ್ತು, ಭಾರತದಲ್ಲಿ ಇಲ್ಲದ ಹಳದಿ ಜ್ವರವೂ ಇತ್ತು. ಮಲೇರಿಯಾ ಸೊಳ್ಳೆಯಿಂದ ಬರುತ್ತದೆಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸುಳಿವು ಹಿಡಿದದ್ದು 1897ರಲ್ಲಿ. ಹಳದಿ ಜ್ವರಕ್ಕೂ ಸೊಳ್ಳೆಯೇ ಕಾರಣವೆಂದು ಕ್ಯೂಬಾದಲ್ಲಿ ಸಾಬೀತಾದದ್ದು 1900ರಲ್ಲಿ. ಅಲ್ಲಿಯವರೆಗೆ ಹೋದವರೆಲ್ಲ ಕೆಟ್ಟ ಗಾಳಿಯೇ ಜ್ವರಕ್ಕೆ ಮೂಲವೆಂದು ನಂಬಿ, ಕಿಟಕಿ ಮುಚ್ಚಿ ಮಲಗಿದವರು.

ಇಂದಿನ ಜ್ವರಗಳು

ಆ ಕಾಲ ಮುಗಿಯಿತೆಂದು ತಿಳಿಯುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ 26.3 ಕೋಟಿ ಮಲೇರಿಯಾ ಪ್ರಕರಣಗಳಾದವು, 5.97 ಲಕ್ಷ ಮಂದಿ ಸತ್ತರು. ಪ್ರಕರಣಗಳಲ್ಲಿ ಶೇ. 94ರಷ್ಟು ಮತ್ತು ಸಾವುಗಳಲ್ಲಿ ಶೇ. 95ರಷ್ಟು ಆ ಸಂಸ್ಥೆಯ ಆಫ್ರಿಕಾ ವಲಯದ್ದೇ. ಸತ್ತವರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು.

ಬಾಲ್ಯದಿಂದ ಅಲ್ಲಿಯೇ ಬೆಳೆದ ವಯಸ್ಕರ ಶರೀರಕ್ಕೆ ಈ ರೋಗದ ವಿರುದ್ಧ ಸ್ವಲ್ಪಮಟ್ಟಿನ ರಕ್ಷಣೆ ಬಂದಿರುತ್ತದೆ. ಹೊಸದಾಗಿ ಹೋದ ಕನ್ನಡಿಗರಿಗೆ ಆ ರಕ್ಷಣೆ ಇಲ್ಲ. ‘ನಮ್ಮೂರಿನಲ್ಲೂ ಮಲೇರಿಯಾ ಇತ್ತು, ನಮಗೇನೂ ಆಗದು’ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ವೈದ್ಯರು ಸೂಚಿಸಿದ ತಡೆಮಾತ್ರೆಗಳನ್ನು ಹೊರಡುವ ಮುನ್ನವೇ ಆರಂಭಿಸಬೇಕು, ಊರಿಗೆ ಮರಳಿದ ಮೇಲೂ ಮುಂದುವರಿಸಬೇಕು. ಅಟೊವಾಕೋನ್-ಪ್ರೊಗ್ವಾನಿಲ್ ಆದರೆ ಒಂದು ವಾರ, ಡಾಕ್ಸಿಸೈಕ್ಲಿನ್ ಅಥವಾ ಮೆಫ್ಲೊಕ್ವಿನ್ ಆದರೆ ನಾಲ್ಕು ವಾರ. ಮನೆಗೆ ಬಂದ ಸಂತೋಷದಲ್ಲಿ ಮಾತ್ರೆ ನಿಲ್ಲಿಸುವುದು ಸಾಮಾನ್ಯ ತಪ್ಪು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಮರಳಿದ ವಾರಗಳ ಅಥವಾ ತಿಂಗಳುಗಳ ಬಳಿಕವೂ ಜ್ವರ ಕಾಣಿಸಿಕೊಳ್ಳಬಹುದು. ಆಗ ಇಲ್ಲಿಯ ವೈದ್ಯರು ಸಹಜವಾಗಿಯೇ ಡೆಂಗಿ ಅಥವಾ ವಿಷಮಶೀತ ಜ್ವರವನ್ನು ಶಂಕಿಸುತ್ತಾರೆ. ‘ನಾನು ಆಫ್ರಿಕಾದಿಂದ ಬಂದವನು’ ಎಂಬ ಮಾತನ್ನು ರೋಗಿ ತಾನಾಗಿಯೇ ಹೇಳಬೇಕು. ಫಾಲ್ಸಿಪಾರಂ ಮಲೇರಿಯಾದಲ್ಲಿ ಒಂದೆರಡು ದಿನದ ವಿಳಂಬವೇ ಪ್ರಾಣಕ್ಕೆ ಮುಳುವಾಗಬಲ್ಲದು.

ಹಳದಿ ಜ್ವರದ ಲಸಿಕೆಯದು ಆರೋಗ್ಯದ ಪ್ರಶ್ನೆಯೂ ಹೌದು, ಕಾನೂನಿನ ಪ್ರಶ್ನೆಯೂ ಹೌದು. ಮಾನ್ಯತೆ ಪಡೆದ ಕೇಂದ್ರದಲ್ಲಿ ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವೇ ಪ್ರಮಾಣಪತ್ರಕ್ಕೆ ಬೆಲೆ. 2016ರ ಜುಲೈನಿಂದ ಈ ಪ್ರಮಾಣಪತ್ರ ಜೀವನಪರ್ಯಂತ ಮಾನ್ಯವಾಗಿದೆ. ಭಾರತದಲ್ಲಿ ಈ ರೋಗವಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆಗಳು ಹೇರಳವಾಗಿವೆ. ಆದ್ದರಿಂದಲೇ ರೋಗಪೀಡಿತ ದೇಶಗಳಿಂದ ಪ್ರಮಾಣಪತ್ರವಿಲ್ಲದೆ ಬಂದವರನ್ನು ನಮ್ಮ ವಿಮಾನ ನಿಲ್ದಾಣಗಳಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ಸರ್ಕಾರಕ್ಕಿದೆ. ಮೊಟ್ಟೆಯ ತೀವ್ರ ಅಲರ್ಜಿ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು, 60 ದಾಟಿದವರು ಲಸಿಕೆಗೆ ಮುನ್ನ ವೈದ್ಯರ ಸಲಹೆ ಪಡೆಯಲೇಬೇಕು.

ಕೆರೆಯ ನೀರಿನಲ್ಲಿ ಈಜಿ ಬೆಳೆದ ನಮ್ಮ ಹುಡುಗರಿಗೆ ಹೊಳೆಯದ ಅಪಾಯವೂ ಒಂದಿದೆ. ವಿಕ್ಟೋರಿಯಾ, ಮಲಾವಿ ಮೊದಲಾದ ಸರೋವರಗಳಲ್ಲಿ, ಅನೇಕ ಹೊಳೆಗಳಲ್ಲಿ ಬಸವನಹುಳುಗಳ ಮೂಲಕ ಹರಡುವ ಶಿಸ್ಟೋಸೋಮ ಎಂಬ ಪರೋಪಜೀವಿ ಇದೆ. ನೀರಿನಲ್ಲಿರುವ ಇದರ ಮರಿಹುಳುಗಳು ಗಾಯವಿಲ್ಲದ ಚರ್ಮವನ್ನೂ ಕೊರೆದು ಒಳಸೇರುತ್ತವೆ. ಮೂತ್ರಕೋಶ, ಕರುಳು, ಯಕೃತ್ತುಗಳನ್ನು ನಿಧಾನವಾಗಿ ಹಾಳುಮಾಡುತ್ತವೆ. ತಿಳಿಯಾಗಿ ಕಾಣುವ ನೀರು ಸುರಕ್ಷಿತವೆಂದು ತಿಳಿಯಬಾರದು.

ಕೊನೆಯ ನೂರು ಮೈಲಿ

ತಿಪಟೂರಿನಿಂದ ಹೊರಟವರು ಮರುದಿನವೇ ಆಡಿಸ್ ಅಬಾಬಾ ಅಥವಾ ನೈರೋಬಿ ನಗರದಲ್ಲಿ ಇರಬಹುದು. ಕಷ್ಟ ಶುರುವಾಗುವುದು ಅಲ್ಲಿಂದ ಮುಂದೆ. ಪೂರ್ವ ಆಫ್ರಿಕಾದ ಬಹುಭಾಗದಲ್ಲಿ ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಮಣ್ಣಿನ ರಸ್ತೆಗಳು ಆಗ ಕೆಸರಿನ ಹೊಂಡಗಳಾಗುತ್ತವೆ. ದಕ್ಷಿಣ ಸುಡಾನ್‌ನ ಅನೇಕ ಊರುಗಳಿಗೆ ಮಳೆಗಾಲದ ತಿಂಗಳುಗಳಲ್ಲಿ ರಸ್ತೆ ಸಂಪರ್ಕವೇ ಕಡಿದುಹೋಗುತ್ತದೆ. ಅಂಥ ಕಡೆ ಮಿಷನ್ ಏವಿಯೇಷನ್ ಫೆಲೋಶಿಪ್‌ನಂಥ ಸಂಸ್ಥೆಗಳ ಸಣ್ಣ ವಿಮಾನಗಳೇ ಆಧಾರ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಹುಟ್ಟಿದ ಸಂಸ್ಥೆ ಅದು.

ಊರು ತಲುಪಿದ ಮೇಲೆ ಕೇಳಬೇಕಾದ ಪ್ರಶ್ನೆ ‘ಇಲ್ಲಿಂದ ಹೊರಬೀಳುವುದು ಹೇಗೆ?’ ಎಂಬುದು. ಹೆರಿಗೆಯ ತೊಡಕಿರಲಿ, ಹಾವಿನ ಕಡಿತವಿರಲಿ, ವಾಹನ ಅಪಘಾತವಿರಲಿ, ಶಸ್ತ್ರಚಿಕಿತ್ಸೆ ಸಿಗುವ ಆಸ್ಪತ್ರೆ ಎಷ್ಟು ಗಂಟೆಯ ದಾರಿ ಎಂಬುದು ಮುಂಚೆಯೇ ತಿಳಿದಿರಬೇಕು. ನೈರೋಬಿಯ ‘ಫ್ಲೈಯಿಂಗ್ ಡಾಕ್ಟರ್ಸ್’ ಸೇವೆ 1957ರಲ್ಲಿ ಆರಂಭವಾದದ್ದು ಇದೇ ಕೊರತೆಯನ್ನು ತುಂಬಲು. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಹೀಗೆ ರೋಗಿಯನ್ನು ವಿಮಾನದಲ್ಲಿ ಸಾಗಿಸುವ ವೆಚ್ಚ ಸೇರಿದೆಯೇ ಎಂಬುದನ್ನು ಹೊರಡುವ ಮೊದಲೇ ಓದಿ ನೋಡಬೇಕು.

ಕಾಗದಪತ್ರಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಸಂಬಳವಿಲ್ಲದ ಸೇವೆಯನ್ನೂ ಅನೇಕ ದೇಶಗಳು ‘ಕೆಲಸ’ವೆಂದೇ ಪರಿಗಣಿಸುತ್ತವೆ. ಪ್ರವಾಸಿ ವೀಸಾದ ಮೇಲೆ ಹೋಗಿ ಶಾಲೆಯಲ್ಲಿ ಪಾಠ ಹೇಳುವುದು, ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಡುವುದು ಕಾನೂನು ಬಾಹಿರವಾಗಬಹುದು. ದಾದಿಯರು ಮತ್ತು ವೈದ್ಯರು ಆ ದೇಶದ ನೋಂದಣಿ ಮಂಡಳಿಯ ಅನುಮತಿ ಪಡೆಯಬೇಕಾಗುತ್ತದೆ. ಇದನ್ನು ತಡವಾಗಿ ತಿಳಿದವರು ತಿಂಗಳುಗಟ್ಟಲೆ ಕೈಕಟ್ಟಿ ಕೂರಬೇಕಾಗುತ್ತದೆ.

ಒಂದೇ ವರ್ಷ ಹೊರಟ ಇಬ್ಬರು

ಬಾಸೆಲ್ ಮಿಷನ್ ಸಂಸ್ಥೆ 1853ರಲ್ಲಿ ಕೆಲಸಕ್ಕಿಳಿಸಿದ ತರುಣರಲ್ಲಿ ಇಬ್ಬರ ಹೆಸರು ಉಳಿದಿದೆ. ಒಬ್ಬರು ಧಾರವಾಡಕ್ಕೆ ಬಂದ ಫರ್ಡಿನಾಂಡ್ ಕಿಟೆಲ್. ಇನ್ನೊಬ್ಬರು ಗೋಲ್ಡ್ ಕೋಸ್ಟ್‌ಗೆ ಹೋದ ಯೋಹಾನ್ ಗಾಟ್‌ಲೀಬ್ ಕ್ರಿಸ್ಟಾಲರ್. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು, ಸುಮಾರು 70 ಸಾವಿರ ಪದಗಳೊಂದಿಗೆ, 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಕ್ರಿಸ್ಟಾಲರ್ ಅಕ್ರೊಪಾಂಗ್ ಸೀಮೆಯ ಟ್ವೀ ಭಾಷೆಗೆ ಬೈಬಲನ್ನು ಅನುವಾದಿಸಿದರು, 1875ರಲ್ಲಿ ವ್ಯಾಕರಣವನ್ನು, 1881ರಲ್ಲಿ ನಿಘಂಟನ್ನು ಹೊರತಂದರು. ಆ ಭಾಷೆಯ 3,600 ಗಾದೆಗಳನ್ನು ಸಂಗ್ರಹಿಸಿ 1879ರಲ್ಲಿ ಪ್ರಕಟಿಸಿದರು.

ಇಬ್ಬರೂ ಇದಕ್ಕೆ ಬೆಲೆ ತೆತ್ತರು. ಕಿಟೆಲ್ ಅವರ ಪತ್ನಿ ಪಾವ್ಲಿನಾ 1864ರಲ್ಲಿ ತೀರಿಕೊಂಡರು. ಕ್ರಿಸ್ಟಾಲರ್ ಆರೋಗ್ಯ ಕೆಟ್ಟು 1868ರಲ್ಲಿ ಆಫ್ರಿಕಾ ಬಿಡಬೇಕಾಯಿತು. ಅವರ ಕೃತಿಗಳಲ್ಲಿ ಹೆಚ್ಚಿನವು ಆ ಬಳಿಕ ಜರ್ಮನಿಯಲ್ಲಿ ಕುಳಿತು ಪೂರ್ಣಗೊಳಿಸಿದವು. ಒಬ್ಬರು ಧಾರವಾಡದ ಪಂಡಿತರಲ್ಲಿ, ಇನ್ನೊಬ್ಬರು ಅಕ್ರೊಪಾಂಗ್‌ನ ಹಿರಿಯರಲ್ಲಿ ವಿದ್ಯಾರ್ಥಿಗಳಾಗಿ ಕುಳಿತದ್ದರಿಂದಲೇ ಈ ಕೆಲಸ ಸಾಧ್ಯವಾಯಿತು ಎಂಬುದು ಗಮನಾರ್ಹ. ಧರ್ಮಪ್ರಚಾರದ ಬಗ್ಗೆ ಭಿನ್ನಾಭಿಪ್ರಾಯ ಇರುವವರೂ ಈ ನಿಘಂಟುಗಳ ಋಣವನ್ನು ಒಪ್ಪುತ್ತಾರೆ.

ಭಾಷೆ ಬಾರದ ಸ್ವಯಂಸೇವಕನ ಸ್ಥಿತಿ ಏನು? ಹೊಟ್ಟೆನೋವೆಂದು ಬಂದ ತಾಯಿ ಎಲ್ಲಿ, ಎಂದಿನಿಂದ, ಹೇಗೆ ಎಂಬುದನ್ನು ಹೇಳಿದರೂ ಅವನಿಗೆ ತಿಳಿಯದು. ತರಗತಿಯಲ್ಲಿ ಮಗು ಅತ್ತರೆ ಕಾರಣ ತಿಳಿಯದು. ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಮಾತನಾಡುವುದು ನಮ್ಮವರಿಗೆ ರೂಢಿ. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ‘ಚಪಾತಿ’, ‘ಚಾಯ್’, ವಿಮೆಗೆ ‘ಬೀಮಾ’, ವಾಹನಕ್ಕೆ ‘ಗಾರಿ’, ಅಂಗಡಿಗೆ ‘ದೂಕಾ’ ಎಂಬ ಪದಗಳು ಕೇಳಿದೊಡನೆ ಗುರುತು ಹತ್ತುತ್ತವೆ. ಆದರೆ ಇಂಗ್ಲಿಷ್ ಗೊತ್ತಿದ್ದರೆ ಸಾಕು ಎಂಬ ಭ್ರಮೆ ಬೇಡ. ಕಚೇರಿಯ ಬಾಗಿಲಾಚೆ ಇಂಗ್ಲಿಷಾಗಲಿ ಫ್ರೆಂಚಾಗಲಿ ಹೆಚ್ಚು ದೂರ ಸಾಗುವುದಿಲ್ಲ.

ಸದುದ್ದೇಶವೊಂದೇ ಸಾಲದು

ಸೇವೆಗೆ ಹೋದವರಿಂದಲೇ ಜನರಿಗೆ ಹಾನಿಯಾದ ಉದಾಹರಣೆಗಳನ್ನು ಮರೆಮಾಚುವುದು ಸರಿಯಲ್ಲ. ಇಂದು ಕಾಂಗೊ ಎನ್ನಲಾಗುವ ಅಂದಿನ ಝೈರ್ ದೇಶದ ಯಂಬುಕು ಎಂಬ ಹಳ್ಳಿಯಲ್ಲಿ ಬೆಲ್ಜಿಯಂನ ಕ್ಯಾಥೊಲಿಕ್ ಸನ್ಯಾಸಿನಿಯರು ಒಂದು ಆಸ್ಪತ್ರೆ ನಡೆಸುತ್ತಿದ್ದರು. ವೈದ್ಯರಿಲ್ಲದ ಆಸ್ಪತ್ರೆ ಅದು. ಸುತ್ತಲ ಜನ ಅದನ್ನು ಅಪಾರವಾಗಿ ನಂಬಿದ್ದರು. ಪ್ರತಿದಿನ ಬೆಳಿಗ್ಗೆ ಹೊರರೋಗಿಗಳ ವಿಭಾಗಕ್ಕೆ ಐದು ಸಿರಿಂಜುಗಳನ್ನು ಕೊಡಲಾಗುತ್ತಿತ್ತು. ಇಡೀ ದಿನ ಅವುಗಳನ್ನೇ ರೋಗಿಯಿಂದ ರೋಗಿಗೆ, ಸರಿಯಾಗಿ ಕುದಿಸದೆ, ಬಳಸಲಾಗುತ್ತಿತ್ತು.

1976ರಲ್ಲಿ ಅಲ್ಲಿಗೆ ಹೊಸ ಜ್ವರವೊಂದು ಬಂದಿತು. ಮುಂದೆ ಹತ್ತಿರದ ನದಿಯ ಹೆಸರಿನಿಂದ ಎಬೋಲಾ ಎಂದು ಕರೆಯಲಾದದ್ದು ಇದೇ ಜ್ವರ. ಆ ಸೂಜಿಗಳ ಮೂಲಕ ರೋಗ ಊರೂರಿಗೆ ಹರಡಿತು. 318 ಮಂದಿಗೆ ತಗುಲಿ 280 ಮಂದಿ ಸತ್ತರು. ಆಸ್ಪತ್ರೆಯ 17 ಸಿಬ್ಬಂದಿಯಲ್ಲಿ 11 ಮಂದಿ ಬಲಿಯಾದರು, ಸತ್ತವರಲ್ಲಿ ಸನ್ಯಾಸಿನಿಯರೂ ಇದ್ದರು. ಆಸ್ಪತ್ರೆ ಮುಚ್ಚಿದ ಬಳಿಕ ರೋಗದ ಹಬ್ಬುವಿಕೆ ತಗ್ಗಿತು. ಆ ಸನ್ಯಾಸಿನಿಯರ ತ್ಯಾಗವನ್ನು ಯಾರೂ ಅಲ್ಲಗಳೆಯಲಾರರು. ಆದರೆ ತ್ಯಾಗ ಸೂಜಿಯನ್ನು ಶುದ್ಧಗೊಳಿಸಲಿಲ್ಲ.

ಇತ್ತೀಚಿನ ಇನ್ನೊಂದು ಪ್ರಕರಣ ಉಗಾಂಡದ ಜಿಂಜಾ ಪಟ್ಟಣದ್ದು. ವೈದ್ಯಕೀಯ ಶಿಕ್ಷಣವಿಲ್ಲದ ಅಮೆರಿಕದ ಯುವತಿಯೊಬ್ಬರು ಕ್ರೈಸ್ತ ಸೇವೆಯ ಹೆಸರಿನಲ್ಲಿ ಅಪೌಷ್ಟಿಕ ಮಕ್ಕಳ ಕೇಂದ್ರ ತೆರೆದಿದ್ದರು. 2010ರಿಂದ 2015ರ ನಡುವೆ ಅಲ್ಲಿ ಸೇರಿದ ಮಕ್ಕಳಲ್ಲಿ 105 ಮಂದಿ ಸತ್ತರು. ಮಕ್ಕಳನ್ನು ಕಳೆದುಕೊಂಡ ಇಬ್ಬರು ತಾಯಂದಿರು 2019ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಆರೋಪಗಳನ್ನು ಅಲ್ಲಗಳೆದ ಸಂಸ್ಥೆ, ಹೊಣೆ ಒಪ್ಪಿಕೊಳ್ಳದೆಯೇ 2020ರಲ್ಲಿ ಪರಿಹಾರ ನೀಡಿ ರಾಜಿ ಮಾಡಿಕೊಂಡಿತು.

ತನ್ನ ಊರಿನಲ್ಲಿ ಮಾಡಲು ಅರ್ಹತೆ ಇಲ್ಲದ ಕೆಲಸವನ್ನು ಪರದೇಶದ ಬಡವರ ಮೇಲೆ ಮಾಡಬಾರದು. ಬೆಂಗಳೂರಿನಲ್ಲಿ ಚುಚ್ಚುಮದ್ದು ಕೊಡಲು ಅನುಮತಿ ಇಲ್ಲದವರು ಬುರುಂಡಿಯಲ್ಲಿಯೂ ಕೊಡಬಾರದು. ಸ್ವಯಂಸೇವಕರನ್ನು ಕಳುಹಿಸುವ ಪ್ರತಿಯೊಂದು ಚರ್ಚ್ ಈ ನಿಯಮವನ್ನು ಬರೆದಿಟ್ಟುಕೊಳ್ಳುವುದು ಒಳಿತು.

ಯುದ್ಧ ಬಂದಾಗ

ಭದ್ರತೆಯ ಪ್ರಶ್ನೆ ಕೇವಲ ಊಹೆಯದಲ್ಲ. ಸಲೇಶಿಯನ್ ಸಭೆಯ ಬೆಂಗಳೂರು ಪ್ರಾಂತ್ಯಕ್ಕೆ ಸೇರಿದ ಫಾದರ್ ಟಾಮ್ ಉಳುನ್ನಾಲಿಲ್ ಅವರನ್ನು 2016ರ ಮಾರ್ಚ್ 4ರಂದು ಯೆಮನ್‌ನ ಏಡನ್ ನಗರದ ವೃದ್ಧಾಶ್ರಮವೊಂದರಿಂದ ಅಪಹರಿಸಲಾಯಿತು. ಆಫ್ರಿಕಾ ಖಂಡದಿಂದ ಕಿರಿದಾದ ಕಡಲಿನಾಚೆ ಇರುವ ನಗರ ಅದು. ಆ ದಾಳಿಯಲ್ಲಿ ಮದರ್ ತೆರೇಸಾ ಸ್ಥಾಪಿಸಿದ ಸಭೆಯ ನಾಲ್ವರು ಸನ್ಯಾಸಿನಿಯರು ಹತರಾದರು. ಒಬ್ಬರು ಭಾರತದವರು, ಇಬ್ಬರು ರುವಾಂಡಾದವರು, ಒಬ್ಬರು ಕೀನ್ಯಾದವರು. ಫಾದರ್ ಟಾಮ್ ಬಿಡುಗಡೆಯಾದದ್ದು 2017ರ ಸೆಪ್ಟೆಂಬರ್ 12ರಂದು.

ಆಫ್ರಿಕಾದಲ್ಲಿಯೇ ಕರ್ನಾಟಕದವರು ಸಿಲುಕಿದ ಪ್ರಕರಣ 2023ರದ್ದು. ಸುಡಾನ್‌ನಲ್ಲಿ ಆ ವರ್ಷದ ಏಪ್ರಿಲ್ 15ರಂದು ಯುದ್ಧ ಸಿಡಿದಾಗ, ಗಿಡಮೂಲಿಕೆ ತೈಲಗಳ ಮಾರಾಟಕ್ಕೆ ಹೋಗಿದ್ದ ರಾಜ್ಯದ ಹಕ್ಕಿಪಿಕ್ಕಿ ಸಮುದಾಯದ 31 ಮಂದಿ ಅಲ್ ಫಾಶಿರ್ ಪಟ್ಟಣದಲ್ಲಿ ಸಿಲುಕಿದರು. ಅನ್ನ, ನೀರಿಗೂ ಪರದಾಡಿದ ಅವರ ಸಂಕಟ ಆಗ ರಾಜ್ಯದ ಚುನಾವಣಾ ಕಾಲದ ರಾಜಕೀಯ ವಾಗ್ವಾದಕ್ಕೂ ವಸ್ತುವಾಯಿತು. ಭಾರತ ಸರ್ಕಾರ ಏಪ್ರಿಲ್ 24ರಂದು ಪ್ರಕಟಿಸಿದ ‘ಆಪರೇಷನ್ ಕಾವೇರಿ’ ಮೂಲಕ 3,862 ಮಂದಿಯನ್ನು ಹೊರತರಲಾಯಿತು. ಆದರೆ ಹಡಗು, ವಿಮಾನಗಳು ಕಾಯುತ್ತಿದ್ದದ್ದು ಮುಖ್ಯವಾಗಿ ದೇಶದ ಪೂರ್ವ ತುದಿಯ ಪೋರ್ಟ್ ಸುಡಾನ್ ಬಂದರಿನಲ್ಲಿ. ಅಲ್ ಫಾಶಿರ್ ಇರುವುದು ಪಶ್ಚಿಮದಲ್ಲಿ, ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆ.

ಅವರು ಹೋದದ್ದು ವ್ಯಾಪಾರಕ್ಕೆ, ಸೇವೆಗಲ್ಲ. ಆದರೆ ಗುಂಡಿನ ದಾಳಿ ಆ ಭೇದ ಮಾಡುವುದಿಲ್ಲ. ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸುವುದು, ಪಾಸ್‌ಪೋರ್ಟ್ ಪ್ರತಿಯೊಂದನ್ನು ಮನೆಯಲ್ಲಿ ಬಿಡುವುದು, ಕೆಲವು ವಾರಗಳಿಗೆ ಸಾಕಾಗುವ ನಗದನ್ನು ಕೈಯಲ್ಲಿ ಇಟ್ಟುಕೊಳ್ಳುವುದು ಇವೆಲ್ಲ ಅಂಥ ದಿನ ಬಂದಾಗ ಪ್ರಾಣ ಉಳಿಸುವ ಸಂಗತಿಗಳು. ಬ್ಯಾಂಕು, ಮೊಬೈಲ್ ಜಾಲ, ವಿದ್ಯುತ್ ಮೂರೂ ಒಟ್ಟಿಗೆ ನಿಲ್ಲಬಹುದೆಂಬ ಲೆಕ್ಕದಲ್ಲಿಯೇ ಸಿದ್ಧತೆ ಇರಬೇಕು.

ಎಷ್ಟು ದಿನ, ಯಾರ ಕೆಳಗೆ?

ಇತ್ತೀಚಿನ ವರ್ಷಗಳಲ್ಲಿ ಎರಡು ವಾರ, ಒಂದು ತಿಂಗಳ ಸೇವಾಪ್ರವಾಸಗಳು ಜನಪ್ರಿಯವಾಗಿವೆ. ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯಂಥ ನಿರ್ದಿಷ್ಟ ಕೌಶಲ ಇರುವವರಿಗೆ ಇದು ಸರಿಹೋಗಬಹುದು. ಉಳಿದವರ ವಿಷಯದಲ್ಲಿ ಲೆಕ್ಕ ಬೇರೆ. ಬಂದವರಿಗೆ ಊಟ, ವಸತಿ, ವಾಹನ, ದುಭಾಷಿಗಳನ್ನು ಒದಗಿಸಲು ಸ್ಥಳೀಯ ಮಿಷನ್ ತನ್ನ ಕೆಲಸ ಬಿಡಬೇಕಾಗುತ್ತದೆ. ಸ್ಥಳೀಯ ಗಾರೆಯವರು ಮಾಡಬಹುದಾದ ಗೋಡೆಯನ್ನು ವಿಮಾನದಲ್ಲಿ ಬಂದ ವಿದ್ಯಾರ್ಥಿಗಳು ವಕ್ರವಾಗಿ ಕಟ್ಟಿ ಹೋದರೆ ಯಾರಿಗೆ ಲಾಭ? ಅನಾಥಾಲಯದ ಮಕ್ಕಳು ತಿಂಗಳಿಗೊಬ್ಬ ಹೊಸ ‘ಅಣ್ಣ’ನನ್ನು ಹಚ್ಚಿಕೊಂಡು, ತಿಂಗಳಿಗೊಮ್ಮೆ ಕಳೆದುಕೊಂಡರೆ ಅದು ಪ್ರೀತಿಯೇ?

ಉಂಡೆಕೊಬ್ಬರಿ ಮಾಡುವ ನಮ್ಮ ಭಾಗದ ರೈತರಿಗೆ ಈ ಮಾತು ವಿವರಿಸಬೇಕಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಅಲುಗಾಡಿದ ಮೇಲೆಯೇ ಒಡೆಯುವುದು. ಅವಸರಪಟ್ಟು ಒಡೆದರೆ ಉಂಡೆಯೂ ಇಲ್ಲ, ತಿಪಟೂರು ಮಾರುಕಟ್ಟೆಯಲ್ಲಿ ಬೆಲೆಯೂ ಇಲ್ಲ. ಹೊಸ ನೆಲಕ್ಕೆ ಹೋದ ಸೇವಕನಿಗೂ ಮೊದಲ ವರ್ಷ ಬಹುಮಟ್ಟಿಗೆ ಕಲಿಕೆಯದೇ ವರ್ಷ.

ಇನ್ನೊಂದು ಬದಲಾವಣೆಯನ್ನೂ ನೆನಪಿಡಬೇಕು. ಮಿಷನರಿಗಳು ಆಳುತ್ತಿದ್ದ ಕಾಲ ಮುಗಿದಿದೆ. ಗುಬ್ಬಿಯ ವೆಸ್ಲಿಯನ್ ಕೆಲಸ 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಬಾಸೆಲ್ ಮಿಷನರಿಗಳನ್ನು ಗೋಲ್ಡ್ ಕೋಸ್ಟ್‌ನಿಂದ ಹೊರಹಾಕಿದ ಬಳಿಕವೂ ಅಲ್ಲಿಯ ಸಭೆ ಅಳಿಯಲಿಲ್ಲ, ಘಾನಾದ ಪ್ರೆಸ್ಬಿಟೇರಿಯನ್ ಸಭೆಯಾಗಿ ಬೆಳೆಯಿತು. ಇಂದು ಆಫ್ರಿಕಾದ ಬಹುತೇಕ ಚರ್ಚುಗಳನ್ನು ಆಫ್ರಿಕಾದವರೇ ನಡೆಸುತ್ತಿದ್ದಾರೆ. ಅಲ್ಲಿಯ ಗುರುಗಳು ಯೂರೋಪಿಗೆ ಸೇವೆಗೆ ಹೋಗುತ್ತಿದ್ದಾರೆ. ಕರ್ನಾಟಕದಿಂದ ಹೋಗುವವರು ಅಲ್ಲಿ ಅತಿಥಿಗಳು, ಅಲ್ಲಿಯ ಬಿಷಪ್ಪರ, ವೈದ್ಯಾಧಿಕಾರಿಯ, ಮುಖ್ಯಶಿಕ್ಷಕರ ಮಾತಿನ ಕೆಳಗೆ ಕೆಲಸ ಮಾಡುವವರು. ಇದನ್ನು ಒಪ್ಪಲಾಗದವರು ಹೊರಡದಿರುವುದೇ ಲೇಸು.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಹಾಗಾದರೆ ಹೊರಡುವ ಮುನ್ನ ತಿಳಿದಿರಬೇಕಾದುದೇನು? ನನ್ನನ್ನು ಕರೆದವರು ಯಾರು, ಅವರಿಗೆ ಬೇಕಾಗಿರುವುದು ನನ್ನ ಕೌಶಲವೇ ಅಥವಾ ನಾನು ತರುವ ಹಣವೇ? ಹಣವೇ ಆದರೆ ಅದನ್ನು ಕಳುಹಿಸಿ ಮನೆಯಲ್ಲಿರುವುದು ಉತ್ತಮವಲ್ಲವೇ? ಆ ಕೆಲಸವನ್ನು ಅಲ್ಲಿಯವರೊಬ್ಬರು ಕಲಿತು ಮುಂದುವರಿಸುವ ವ್ಯವಸ್ಥೆ ಇದೆಯೇ? ಅಲ್ಲಿಯ ಭಾಷೆಗೆ ಎಷ್ಟು ತಿಂಗಳು ಮೀಸಲಿಟ್ಟಿದ್ದೇನೆ? ಕಾಯಿಲೆ ಬಿದ್ದರೆ ಹೊರತರುವವರು ಯಾರು, ಖರ್ಚು ಯಾರದು? ಮರಳಿ ಬಂದಾಗ ನನ್ನ ಕೆಲಸ, ನನ್ನ ಮನೆ, ನನ್ನ ವಯಸ್ಸಾದ ತಂದೆ-ತಾಯಿಗಳ ಗತಿ ಏನು?

ಕೊನೆಯ ಪ್ರಶ್ನೆಯನ್ನು ಕಳುಹಿಸುವ ಸಂಸ್ಥೆಗಳು ಎಷ್ಟೋ ವೇಳೆ ಕೇಳುವುದೇ ಇಲ್ಲ. ವರ್ಷಗಟ್ಟಲೆ ಹಸಿವು, ರೋಗ, ಸಾವುಗಳನ್ನು ಹತ್ತಿರದಿಂದ ಕಂಡು ಬಂದವರಿಗೆ ಊರಿನ ಮದುವೆಯ ಊಟದಲ್ಲಿ ಎಲೆಯ ಮೇಲೆ ಉಳಿದ ಅನ್ನವನ್ನು ನೋಡುವುದೂ ಕಷ್ಟವಾಗಬಹುದು. ಮಾತು ಕಡಿಮೆಯಾಗುತ್ತದೆ, ನಿದ್ರೆ ಕೆಡುತ್ತದೆ. ಅಂಥವರನ್ನು ಸನ್ಮಾನ ಸಭೆಯ ವೇದಿಕೆಗೆ ಹತ್ತಿಸುವ ಮೊದಲು ಕೆಲವು ದಿನ ವಿಶ್ರಾಂತಿಗೆ, ಅಗತ್ಯವಿದ್ದರೆ ಮನೋವೈದ್ಯರ ಭೇಟಿಗೆ ಅವಕಾಶ ಕೊಡುವುದು ಕಳುಹಿಸಿದವರ ಹೊಣೆ.

ಇಷ್ಟೆಲ್ಲ ಹೇಳಿದ್ದು ಹೋಗುವವರ ಉತ್ಸಾಹಕ್ಕೆ ತಣ್ಣೀರೆರಚಲು ಅಲ್ಲ. ಆಫ್ರಿಕಾದ ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ಹತ್ತಿರದ ಚಿಕಿತ್ಸಾಲಯವೆಂದರೆ ಮಿಷನ್ ಚಿಕಿತ್ಸಾಲಯವೇ. ಅಲ್ಲಿ ಅನುಭವಿ ದಾದಿಯೊಬ್ಬರು ಇರುವುದು ಮತ್ತು ಇಲ್ಲದಿರುವುದು ತಾಯಿ-ಮಗುವಿನ ಅಳಿವು ಉಳಿವಿನ ಪ್ರಶ್ನೆಯಾಗುತ್ತದೆ. ಅಂಥ ಕಡೆ ಬೇಕಾಗಿರುವುದು ಚೆನ್ನಾಗಿ ಕಲಿತು, ಲಸಿಕೆ ಹಾಕಿಸಿಕೊಂಡು, ಅನುಮತಿ ಪಡೆದು, ಅಲ್ಲಿಯ ಮಾತನ್ನು ಕಲಿಯುವಷ್ಟು ಕಾಲ ಉಳಿಯಲು ಸಿದ್ಧರಾಗಿ ಬರುವವರು. ಗೋಲ್ಡ್ ಕೋಸ್ಟ್‌ನ ಮೊದಲ ನಾಲ್ವರಿಗೆ ಈ ತಿಳಿವಳಿಕೆ ಸಿಗುವ ದಾರಿಯೇ ಇರಲಿಲ್ಲ. ಇಂದು ಹೊರಡುವವರಿಗೆ ಆ ದಾರಿ ಇದೆ. ಅದನ್ನು ಬಳಸದೆ ಹೊರಟರೆ ಹಾನಿ ಹೋದವರಿಗಷ್ಟೇ ಅಲ್ಲ, ಅವರನ್ನು ನಂಬಿ ಬಾಗಿಲಲ್ಲಿ ಸಾಲುಗಟ್ಟಿ ನಿಂತವರಿಗೂ ತಟ್ಟುತ್ತದೆ.